ಮನೆ ಕಳೆದುಕೊಂಡು ಮನೆಗಳನ್ನು ಕಟ್ಟಿದವರು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯ ಅರ್ಥವನ್ನು ನಮ್ಮ ವಿದ್ಯಾರ್ಥಿಗಳ ತಂದೆತಾಯಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಲ್ಲು, ಇಟ್ಟಿಗೆ, ಮರ, ಕೂಲಿ, ಸಾಲ ಇವೆಲ್ಲವನ್ನೂ ಹೊಂದಿಸಿ ನಾಲ್ಕು ಗೋಡೆಗಳನ್ನು ಎಬ್ಬಿಸುವಷ್ಟರಲ್ಲಿ ಮನುಷ್ಯನಿಗೆ ಅರ್ಧ ಆಯುಷ್ಯವೇ ಕಳೆದಂತಾಗುತ್ತದೆ. ಹೀಗಿರುವಾಗ, ಹುಟ್ಟಿ ಬೆಳೆದ ಊರನ್ನೂ ವಾಸದ ಮನೆಯನ್ನೂ ಓದಿ ಸಂಪಾದಿಸಿದ ಉದ್ಯೋಗವನ್ನೂ ಸರಕಾರದ ಒಂದು ಕಾಗದವು ಕಿತ್ತುಕೊಂಡುಬಿಟ್ಟರೆ ಅವನು ಏನು ಮಾಡಬೇಕು? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟವರೊಬ್ಬರ ಚರಿತ್ರೆಯನ್ನು ಈ ವರ್ಷದ ಪಾಠವಾಗಿ ಆರಿಸಿಕೊಂಡಿದ್ದೇನೆ.

ಅವರ ಹೆಸರು ಆಟೊ ಕೋನಿಗ್ಸ್‌ಬರ್ಗರ್. ಜರ್ಮನಿಯ ಬರ್ಲಿನ್ ನಗರದಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ. ನಾಜಿ ಸರಕಾರದ ಹಿಂಸೆಯಿಂದ ಪಾರಾಗಿ ಬಂದ ಇವರಿಗೆ ೧೯೩೯ರಲ್ಲಿ ನಮ್ಮ ನೆರೆಯ ಮೈಸೂರು ಸಂಸ್ಥಾನವು ಆಶ್ರಯವನ್ನೂ ಉದ್ಯೋಗವನ್ನೂ ಕೊಟ್ಟಿತು. ಹಿಂದೂಪುರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಆ ನಗರದಲ್ಲಿ ಇವರು ರೂಪಿಸಿದ ಕಟ್ಟಡಗಳಿವೆ ಎಂಬುದು ಮಾತ್ರ ಬಹುಜನರಿಗೆ ತಿಳಿಯದು.

ಯಹೂದ್ಯರು

ಯಹೂದ್ಯರು ಅತಿ ಪ್ರಾಚೀನವಾದ ಒಂದು ಜನಾಂಗ. ಅವರಿಗೆ ತಮ್ಮದೇ ಆದ ಧರ್ಮಗ್ರಂಥ, ಭಾಷೆ, ಆಚಾರಗಳುಂಟು. ತಾಯ್ನಾಡಿನಿಂದ ಚದುರಿದ ಮೇಲೆ ಅವರು ಅನೇಕ ದೇಶಗಳಲ್ಲಿ ಅಲ್ಪಸಂಖ್ಯಾತರಾಗಿ ಬಾಳಿದರು. ನಮ್ಮ ಭಾರತದಲ್ಲಿಯೂ ಕೊಚ್ಚಿಯಲ್ಲಿ ಮತ್ತು ಕೊಂಕಣ ತೀರದಲ್ಲಿ ಅವರು ನೂರಾರು ವರ್ಷಗಳಿಂದ ನೆಲೆಸಿದ್ದರು. ಕೊಚ್ಚಿಯಲ್ಲಿರುವ ಅವರ ಪ್ರಾರ್ಥನಾ ಮಂದಿರವೊಂದು ೧೫೬೮ರಲ್ಲಿ ಕಟ್ಟಲ್ಪಟ್ಟಿತು.

ಯುರೋಪಿನಲ್ಲಿ ಅವರ ಪಾಡು ಬೇರೆಯಾಗಿತ್ತು. ಅಲ್ಲಿ ಶತಮಾನಗಳ ಕಾಲ ಅವರು ದ್ವೇಷಕ್ಕೆ ಗುರಿಯಾಗಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಯಹೂದ್ಯರಿಗೆ ಸಮಾನ ಹಕ್ಕುಗಳು ದೊರೆತ ಬಳಿಕ ಅವರಲ್ಲಿ ಅನೇಕರು ವೈದ್ಯರಾಗಿ, ವಕೀಲರಾಗಿ, ಪ್ರಾಧ್ಯಾಪಕರಾಗಿ, ವರ್ತಕರಾಗಿ ಮುಂದೆ ಬಂದರು. ೧೯೩೩ರಲ್ಲಿ ಅವರ ಸಂಖ್ಯೆ ಸುಮಾರು ಐದು ಲಕ್ಷ. ದೇಶದ ಜನರಲ್ಲಿ ನೂರಕ್ಕೆ ಒಬ್ಬರೂ ಅಲ್ಲ.

ಕಾಗದದಿಂದ ಆರಂಭವಾದ ಹಿಂಸೆ

೧೯೩೩ನೆಯ ಜನವರಿ ೩೦ರಂದು ಹಿಟ್ಲರನು ಜರ್ಮನಿಯ ಪ್ರಧಾನಿಯಾದನು. ಯುದ್ಧದಲ್ಲಿ ಸೋತು, ಬೆಲೆಯೇರಿಕೆಯಿಂದಲೂ ನಿರುದ್ಯೋಗದಿಂದಲೂ ನೊಂದಿದ್ದ ಜನರಿಗೆ ಅವನು, “ನಿಮ್ಮ ಕಷ್ಟಗಳಿಗೆಲ್ಲ ಯಹೂದ್ಯರೇ ಕಾರಣ” ಎಂದು ಬೋಧಿಸುತ್ತಿದ್ದನು. ಕಷ್ಟದಲ್ಲಿರುವವನಿಗೆ ಸುಲಭವಾಗಿ ದೂರಬಹುದಾದ ಒಬ್ಬ ಶತ್ರುವನ್ನು ತೋರಿಸುವುದು ಬಹು ಹಳೆಯ ತಂತ್ರ. ಅದಕ್ಕೆ ಮರುಳಾದವರಲ್ಲಿ ಓದು ಬಾರದವರಷ್ಟೇ ಅಲ್ಲ, ವಿದ್ಯಾವಂತರೂ ಇದ್ದರು.

ಆಳಿಕೆ ಬಂದ ಮೂರು ತಿಂಗಳೊಳಗೆ, ಏಪ್ರಿಲ್ ೭ರಂದು, ಸರಕಾರಿ ನೌಕರಿಯನ್ನು ಕುರಿತ ಒಂದು ಕಾನೂನು ಹೊರಬಿದ್ದಿತು. ಯಹೂದಿ ವಂಶದ ಅಧಿಕಾರಿಗಳನ್ನೂ ಅಧ್ಯಾಪಕರನ್ನೂ ಕೆಲಸದಿಂದ ತೆಗೆಯಬೇಕೆಂಬುದು ಅದರ ತಾತ್ಪರ್ಯ. ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದ್ಯರಾಗಿದ್ದರೂ ಸಾಕು, ಆ ನೌಕರನು ಅನ್ಯನೆಂದು ಎಣಿಸಲ್ಪಡುತ್ತಿದ್ದನು. ಅದೇ ತಿಂಗಳಲ್ಲಿ ಶಾಲೆಗಳಿಗೆ ಸೇರಬಹುದಾದ ಯಹೂದಿ ಮಕ್ಕಳ ಸಂಖ್ಯೆಗೂ ಮಿತಿ ಹಾಕಿದರು. ೧೯೩೫ರ ಸೆಪ್ಟೆಂಬರಿನಲ್ಲಿ ನ್ಯೂರೆಂಬರ್ಗ್ ಎಂಬಲ್ಲಿ ಮಾಡಿದ ಕಾನೂನುಗಳು ಅವರ ಪೌರತ್ವದ ಹಕ್ಕನ್ನೇ ಕಿತ್ತುಕೊಂಡವು. ೧೯೩೮ರ ನವೆಂಬರ್ ೯ರ ರಾತ್ರಿ ದೇಶದ ತುಂಬ ಅವರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿಯಿಟ್ಟು ಅಂಗಡಿಗಳನ್ನು ಒಡೆದುಹಾಕಿದರು. ಅದಾದ ಒಂದು ವಾರದೊಳಗೆ ಜರ್ಮನ್ ಶಾಲೆಗಳಲ್ಲಿ ಉಳಿದಿದ್ದ ಯಹೂದಿ ಮಕ್ಕಳನ್ನೂ ಹೊರಗೆ ಹಾಕಲಾಯಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ವಿಷಯವನ್ನು ಲಕ್ಷಿಸಬೇಕು. ಈ ಮಹಾಪಾತಕವು ಕೊಲೆಯಿಂದ ಆರಂಭವಾಗಲಿಲ್ಲ, ಪಟ್ಟಿಯಿಂದ ಆರಂಭವಾಯಿತು. ಕಛೇರಿಯ ಹಾಜರಿ ಪುಸ್ತಕದಲ್ಲಿ, ಶಾಲೆಯ ದಾಖಲೆಯಲ್ಲಿ “ಇವನು ನಮ್ಮವನು, ಇವನು ನಮ್ಮವನಲ್ಲ” ಎಂದು ಗುರುತು ಹಾಕಿದ ದಿನವೇ ಅದರ ಮೊದಲನೆಯ ಹೆಜ್ಜೆ.

ಬರ್ಲಿನ್ನಿನಿಂದ ಕೈರೋ ನಗರಕ್ಕೆ

ಕೋನಿಗ್ಸ್‌ಬರ್ಗರ್ ಅವರು ಹುಟ್ಟಿದುದು ೧೯೦೮ನೆಯ ಅಕ್ಟೋಬರ್ ೧೩ರಂದು. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಹ್ಯಾನ್ಸ್ ಪೋಲ್ಜಿಗ್, ಬ್ರೂನೊ ಟೌಟ್ ಮೊದಲಾದ ಹೆಸರಾಂತ ಗುರುಗಳ ಬಳಿ ವಾಸ್ತುಶಿಲ್ಪವನ್ನು ಕಲಿತರು. ಕೂಲಿಕಾರರೂ ಸಣ್ಣ ಸಂಬಳದವರೂ ಗಾಳಿ ಬೆಳಕುಳ್ಳ ಮನೆಗಳಲ್ಲಿ ವಾಸಿಸುವಂತಾಗಬೇಕು ಎಂಬುದು ಆ ಕಾಲದ ಬರ್ಲಿನ್ನಿನ ಹೊಸ ಶಿಲ್ಪಿಗಳ ಆದರ್ಶವಾಗಿತ್ತು. ೧೯೩೩ರಲ್ಲಿ ಅವರಿಗೆ ತರುಣ ಶಿಲ್ಪಿಗಳಿಗೆ ಮೀಸಲಾದ ಶಿಂಕೆಲ್ ಪಾರಿತೋಷಕವು ದೊರೆಯಿತು. ಅದೇ ವರ್ಷ, ಯಹೂದ್ಯರೆಂಬ ಒಂದೇ ಕಾರಣದಿಂದ, ಸರಕಾರಿ ಕೆಲಸವು ಹೋಯಿತು. ಒಂದು ಕೈಯಿಂದ ಬಹುಮಾನ, ಇನ್ನೊಂದು ಕೈಯಿಂದ ಬಹಿಷ್ಕಾರ! ಆಗ ಅವರ ವಯಸ್ಸು ಇಪ್ಪತ್ತೈದು ತುಂಬುತ್ತಲಿತ್ತು.

ಅವರು ಈಜಿಪ್ಟಿಗೆ ತೆರಳಿದರು. ಅಲ್ಲಿ ಲುಡ್ವಿಗ್ ಬೋರ್ಖಾರ್ಟ್ ಎಂಬ ಪ್ರಾಚ್ಯಸಂಶೋಧಕರಿದ್ದರು. ರಾಣಿ ನೆಫರ್ಟೀಟಿಯ ಪ್ರಸಿದ್ಧವಾದ ಶಿರಸ್ಸಿನ ಪ್ರತಿಮೆಯನ್ನು ೧೯೧೨ರಲ್ಲಿ ಅಗೆದು ತೆಗೆದವರು ಇವರೇ. ಇವರೊಡನೆ ಕೆಲಸ ಮಾಡುತ್ತ ತರುಣ ಶಿಲ್ಪಿಯು ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯನ್ನು ಅಭ್ಯಾಸ ಮಾಡಿದರು. ಆ ವಿಷಯದ ಮೇಲೆ ಅವರು ಬರೆದ ಪ್ರಬಂಧವು ೧೯೩೬ರಲ್ಲಿ ಅಚ್ಚಾಯಿತು. ನಮ್ಮ ಹೇಮಾವತಿಯ ನೊಳಂಬರ ಕಂಬಗಳನ್ನು ಒಬ್ಬರು ಅಳೆದು, ಬರೆದು, ಕೆತ್ತನೆಯ ಮರ್ಮವನ್ನು ತಿಳಿದರೆ ಹೇಗೋ ಹಾಗೆ ಅವರು ಸಾವಿರಾರು ವರ್ಷಗಳ ಹಿಂದಿನ ಬಡಗಿಗಳ ಕೈಚಳಕವನ್ನು ಓದಿದರು. ತನ್ನ ನಾಡಿನ ಬಾಗಿಲು ತನಗೆ ಮುಚ್ಚಿದ್ದರೂ ಕಲಿಯುವುದನ್ನು ನಿಲ್ಲಿಸದ ಈ ಸ್ವಭಾವವನ್ನು ನಮ್ಮ ಮಕ್ಕಳು ಗಮನಿಸಲಿ.

ಮೊದಲು ಬಂದ ಸೋದರಮಾವ

ಈಜಿಪ್ಟಿನಲ್ಲಿದ್ದ ಶಿಲ್ಪಿಗೆ ಮೈಸೂರಿನ ದಾರಿ ತೋರಿದುದು ಹೇಗೆ? ಅದಕ್ಕೆ ಅವರ ಸೋದರಮಾವನ ಸಂಗತಿಯನ್ನು ಹೇಳಬೇಕು. ಭೌತವಿಜ್ಞಾನದಲ್ಲಿ ಜಗದ್ವಿಖ್ಯಾತರಾದ ಮ್ಯಾಕ್ಸ್ ಬಾರ್ನ್ ಅವರೇ ಆ ಸೋದರಮಾವ. ಅವರೂ ೧೯೩೩ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪದವಿಯನ್ನು ಕಳೆದುಕೊಂಡು ಇಂಗ್ಲೆಂಡಿಗೆ ಬಂದಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಆಗ ಸರ್ ಸಿ. ವಿ. ರಾಮನ್ ಅವರು ನಿರ್ದೇಶಕರು. ಹೊರದೂಡಲ್ಪಟ್ಟ ಮಹಾವಿದ್ವಾಂಸರನ್ನು ನಮ್ಮಲ್ಲಿಗೆ ಕರೆತಂದರೆ ನಮ್ಮ ತರುಣರಿಗೆ ವಿದ್ಯೆ, ಅವರಿಗೆ ಆಶ್ರಯ, ಎರಡೂ ಆದಾವೆಂದು ರಾಮನ್ನರು ಯೋಚಿಸಿದರು. ಅವರ ಆಹ್ವಾನದ ಮೇರೆಗೆ ಬಾರ್ನ್ ಅವರು ೧೯೩೫ರ ಕೊನೆಯಲ್ಲಿ ಪತ್ನಿಯೊಡನೆ ಬೆಂಗಳೂರಿಗೆ ಬಂದು ಕೆಲವು ತಿಂಗಳು ಪಾಠ ಹೇಳಿದರು.

ಅವರನ್ನು ಸ್ಥಿರವಾಗಿ ನಿಲ್ಲಿಸಿಕೊಳ್ಳಬೇಕೆಂಬ ರಾಮನ್ನರ ಪ್ರಯತ್ನವು ಮಾತ್ರ ಕೈಗೂಡಲಿಲ್ಲ. ಮಂದಿರದ ಪ್ರಾಧ್ಯಾಪಕರ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು, ಸ್ವಂತ ನಾಡಿನವರೇ ಓಡಿಸಿದ ಇಂಥ ಪರದೇಶಿಯು ನಮಗೇಕೆ ಎಂಬರ್ಥದ ಕಟುವಾದ ಮಾತುಗಳನ್ನು ಆಡಿದರು. ಬಾರ್ನ್ ಅವರು ಮನೆಗೆ ಮರಳಿ ಹೆಂಡತಿಯ ಮುಂದೆ ಕಣ್ಣೀರಿಟ್ಟರಂತೆ. ೧೯೩೬ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವು ಅವರಿಗೆ ಪೀಠವನ್ನು ಕೊಟ್ಟಿತು. ೧೯೫೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಬೆಂಗಳೂರು ಕಳೆದುಕೊಂಡುದು ಎಂತಹ ರತ್ನವನ್ನೆಂದು ಆಗ ಲೋಕಕ್ಕೆ ತಿಳಿಯಿತು.

ಆದರೂ ಆ ಪ್ರವಾಸವು ಪೂರ್ಣ ನಿಷ್ಫಲವಾಗಲಿಲ್ಲ. ಬೆಂಗಳೂರಿನಲ್ಲಿದ್ದಾಗ ಬಾರ್ನ್ ಅವರಿಗೆ ಮೈಸೂರಿನ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯವಾಗಿದ್ದಿತು. ಊರುಗಳನ್ನು ಅಂದಗೊಳಿಸುವುದರಲ್ಲಿ ದಿವಾನರಿಗಿದ್ದ ಆಸಕ್ತಿಯು ಪ್ರಸಿದ್ಧವಾದುದು. ಒಳ್ಳೆಯ ಶಿಲ್ಪಿಯೊಬ್ಬರು ಸಂಸ್ಥಾನಕ್ಕೆ ಬೇಕೆಂದಾಗ ಬಾರ್ನ್ ಅವರು ತಮ್ಮ ಸೋದರಳಿಯನ ಹೆಸರನ್ನು ಸೂಚಿಸಿದರು. ಹೀಗೆ ೧೯೩೯ರಲ್ಲಿ ಕೋನಿಗ್ಸ್‌ಬರ್ಗರ್ ಅವರು ಬೆಂಗಳೂರಿಗೆ ಬಂದು ಮೈಸೂರು ಸರಕಾರದ ಮುಖ್ಯ ವಾಸ್ತುಶಿಲ್ಪಿಗಳಾದರು. ಅದೇ ವರ್ಷದ ಸೆಪ್ಟೆಂಬರ್ ಒಂದರಂದು ಜರ್ಮನಿಯು ಪೋಲೆಂಡಿನ ಮೇಲೆ ಬಿದ್ದು ಎರಡನೆಯ ಮಹಾಯುದ್ಧವು ಹೊತ್ತಿಕೊಂಡಿತು.

ಹಿಂದೆ ಉಳಿದವರ ಗತಿ

ಹೊರಟು ಬಂದವರ ಚರಿತ್ರೆಯನ್ನು ಓದುವಾಗ ಹೊರಡಲಾಗದವರನ್ನು ಮರೆಯಬಾರದು. ೧೯೩೮ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್ ಎಂಬ ಊರಿನಲ್ಲಿ ೩೨ ರಾಷ್ಟ್ರಗಳ ಪ್ರತಿನಿಧಿಗಳು ಸೇರಿ ನಿರಾಶ್ರಿತರ ವಿಷಯವನ್ನು ಚರ್ಚಿಸಿದರು. ಮರುಕದ ಮಾತುಗಳಿಗೆ ಕೊರತೆಯಿರಲಿಲ್ಲ. ಬಾಗಿಲು ತೆರೆದವರು ಮಾತ್ರ ತೀರ ವಿರಳ. ನಮ್ಮ ದೇಶವು ಆಗ ಪರಾಧೀನವಾಗಿತ್ತು. ಆದರೂ ಜವಾಹರಲಾಲ ನೆಹರೂ ಅವರು ಯಹೂದಿ ವೈದ್ಯರನ್ನೂ ತಜ್ಞರನ್ನೂ ಭಾರತಕ್ಕೆ ಬರಗೊಡಬೇಕೆಂದು ವಾದಿಸಿದರು.

೧೯೪೧ರ ಅಕ್ಟೋಬರಿನಿಂದ ಬರ್ಲಿನ್ನಿನ ಯಹೂದ್ಯರನ್ನು ರೈಲುಗಳಲ್ಲಿ ತುಂಬಿ ಪೂರ್ವ ದಿಕ್ಕಿಗೆ ಸಾಗಿಸತೊಡಗಿದರು. ನವೆಂಬರ್ ೨೫ರಂದು ಹೊರಟ ಇನ್ನೊಂದು ಆಜ್ಞೆಯು ವಿದೇಶಗಳಲ್ಲಿದ್ದ ಯಹೂದ್ಯರ ಜರ್ಮನ್ ಪೌರತ್ವವನ್ನೂ ಅಳಿಸಿಹಾಕಿತು. ಸಾವಿರಾರು ಮೈಲಿ ದೂರದಲ್ಲಿದ್ದವರನ್ನೂ ಆ ಕಾಗದವು ಬೆನ್ನಟ್ಟಿಬಂದಿತು. ಇತ್ತ ಬ್ರಿಟಿಷ್ ಭಾರತದಲ್ಲಿ ಜರ್ಮನರೆಲ್ಲ ಶತ್ರುದೇಶದವರೆಂದು ಎಣಿಸಲ್ಪಟ್ಟು, ಹಲವರು ಅಹಮದ್‌ನಗರ, ಡೆಹ್ರಾಡೂನ್‌ಗಳ ಬಂದಿ ಶಿಬಿರಗಳನ್ನು ಸೇರಿದರು. ಹಿಟ್ಲರನಿಂದ ಓಡಿಬಂದ ಯಹೂದ್ಯರಲ್ಲಿಯೂ ಅನೇಕರು ಈ ಸಂಶಯಕ್ಕೆ ಗುರಿಯಾದರು. ಅಲ್ಲಿ ಜರ್ಮನರಲ್ಲವೆಂದು ತಳ್ಳಿದರು. ಇಲ್ಲಿ ಜರ್ಮನರೆಂದು ಹಿಡಿದರು. ನಿರಾಶ್ರಿತನ ಬಾಳೆಂದರೆ ಹೀಗೆ.

ಯುದ್ಧವು ಮುಗಿಯುವಷ್ಟರಲ್ಲಿ ಯುರೋಪಿನಲ್ಲಿ ಸುಮಾರು ಅರವತ್ತು ಲಕ್ಷ ಯಹೂದ್ಯರು ಕೊಲ್ಲಲ್ಪಟ್ಟಿದ್ದರು. ಅವರಲ್ಲಿ ಸುಮಾರು ಹದಿನೈದು ಲಕ್ಷ ಮಂದಿ ಮಕ್ಕಳು. ಪೋಲೆಂಡಿನ ಆಷ್‌ವಿಟ್ಸ್ ಎಂಬ ಒಂದೇ ಶಿಬಿರದಲ್ಲಿ ಹತ್ತು ಲಕ್ಷದಷ್ಟು ಯಹೂದ್ಯರು ಮಡಿದರು. ೧೯೪೫ನೆಯ ಜನವರಿ ೨೭ರಂದು ರಷ್ಯದ ಸೈನ್ಯವು ಆ ಶಿಬಿರವನ್ನು ಬಿಡುಗಡೆ ಮಾಡಿತು. ಸಂಯುಕ್ತ ರಾಷ್ಟ್ರಸಂಸ್ಥೆಯು ೨೦೦೫ರಲ್ಲಿ ಮಾಡಿದ ನಿರ್ಣಯದಂತೆ ಪ್ರತಿವರ್ಷವೂ ಆ ದಿನವನ್ನು ಸ್ಮರಣೆಯ ದಿನವಾಗಿ ಆಚರಿಸಲಾಗುತ್ತದೆ. ಕೋನಿಗ್ಸ್‌ಬರ್ಗರ್ ಅವರು ಶಿಬಿರದ ಮುಳ್ಳುತಂತಿಯೊಳಗೆ ಇದ್ದವರಲ್ಲ. ಹಿಂಸೆಯು ಕಾಗದದ ರೂಪದಲ್ಲಿದ್ದಾಗಲೇ ಹೊರಟು ಬದುಕಿಕೊಂಡವರು. ಅವರು ಉಳಿದುದರಿಂದ ಏನೇನು ಉಳಿಯಿತೆಂಬುದನ್ನು ಮುಂದೆ ನೋಡೋಣ.

ಬಿಸಿಲಿನ ಪಾಠ

ಬರ್ಲಿನ್ ನಗರವು ಭೂಮಧ್ಯರೇಖೆಯಿಂದ ಬಹು ಉತ್ತರಕ್ಕಿದೆ. ಡಿಸೆಂಬರ್ ತಿಂಗಳ ನಡುಹಗಲಿನಲ್ಲಿಯೂ ಅಲ್ಲಿ ಸೂರ್ಯನು ದಿಗಂತದಿಂದ ಹದಿನಾರು ಡಿಗ್ರಿಗಿಂತ ಮೇಲೇರುವುದಿಲ್ಲ. ಆದುದರಿಂದ ಅಲ್ಲಿಯ ಶಿಲ್ಪಿಯು ಬಿಸಿಲನ್ನು ಮನೆಯೊಳಕ್ಕೆ ಕರೆಯಬೇಕು. ನಮ್ಮಲ್ಲಿ ಬಿಸಿಲನ್ನು ಹೊರಗೇ ನಿಲ್ಲಿಸಬೇಕು. ಬರ್ಲಿನ್ನಿನಲ್ಲಿ ಕಲಿತುದನ್ನು ಹಾಗೆಯೇ ಇಲ್ಲಿ ಪ್ರಯೋಗಿಸಿದರೆ ಮನೆಯು ಒಲೆಯಾಗುತ್ತದೆ. ಬಂದ ನಾಡಿನ ಗಾಳಿ, ಬಿಸಿಲು, ಮಳೆಗಳನ್ನು ಮತ್ತೆ ಮೊದಲಿನಿಂದ ಓದಬೇಕೆಂಬುದನ್ನು ಕೋನಿಗ್ಸ್‌ಬರ್ಗರ್ ಅವರು ಅರಿತುಕೊಂಡರು.

ಈ ವಿಷಯದ ಮುಖ್ಯ ತತ್ತ್ವಗಳನ್ನು ನಮ್ಮ ಮಕ್ಕಳು ರಾಯದುರ್ಗದಲ್ಲಾಗಲಿ ಮಡಕಶಿರೆಯಲ್ಲಾಗಲಿ ಸ್ವತಃ ಪರೀಕ್ಷಿಸಿ ನೋಡಬಹುದು. ಬೇಸಗೆಯಲ್ಲಿ ನಡುಹಗಲಿನ ಸೂರ್ಯನು ನಮ್ಮ ನೆತ್ತಿಯ ಮೇಲಿರುತ್ತಾನೆ. ಆಗ ದಕ್ಷಿಣದ ಗೋಡೆಗೆ ಒಂದು ಸಣ್ಣ ಸೂರಿದ್ದರೂ ನೆರಳು ಬೀಳುತ್ತದೆ. ಬೆಳಗ್ಗೆ, ಸಂಜೆ ಅವನು ತಗ್ಗಿನಲ್ಲಿದ್ದು ಪೂರ್ವ ಪಶ್ಚಿಮದ ಗೋಡೆಗಳನ್ನು ನೇರವಾಗಿ ಕಾಯಿಸುತ್ತಾನೆ. ಆದುದರಿಂದ ಕಟ್ಟಡದ ಉದ್ದನೆಯ ಮಗ್ಗುಲುಗಳು ಉತ್ತರಕ್ಕೂ ದಕ್ಷಿಣಕ್ಕೂ, ಕಿರಿದಾದ ಮಗ್ಗುಲುಗಳು ಪೂರ್ವ ಪಶ್ಚಿಮಗಳಿಗೂ ಇರಬೇಕು. ಎದುರುಬದುರಾಗಿ ಕಿಟಕಿಗಳಿದ್ದರೆ ಗಾಳಿಯು ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಡುತ್ತದೆ. ಮೇಲ್ಗಡೆ ಬೆಳಕಿಂಡಿಯಿದ್ದರೆ ಬಿಸಿಗಾಳಿಯು ಮೇಲೇರಿ ಹೊರಕ್ಕೆ ಹೋಗುತ್ತದೆ.

ಇನ್ನು ಗೋಡೆಯ ದಪ್ಪದ ವಿಚಾರ. ಕಲ್ಲಿನ ಅಥವಾ ಮಣ್ಣಿನ ದಪ್ಪ ಗೋಡೆಯು ಹಗಲಿನ ಶಾಖವನ್ನು ತಾನು ಹೀರಿಕೊಂಡು, ಹಲವು ಗಂಟೆಗಳ ಮೇಲೆ ಅದನ್ನು ಒಳಕ್ಕೆ ಬಿಡುತ್ತದೆ. ಹಗಲಿನಲ್ಲಿ ಒಳಗೆ ತಂಪು. ರಾತ್ರಿ ಒಳಗೆ ಸೆಕೆ. ನಮ್ಮ ಹಿರಿಯರು ಬೇಸಗೆಯ ರಾತ್ರಿಗಳಲ್ಲಿ ಮಾಳಿಗೆಯ ಮೇಲೋ ಅಂಗಳದಲ್ಲೋ ಮಲಗುತ್ತಿದ್ದುದು ಇದೇ ಕಾರಣದಿಂದ. ಕಡಲತೀರದಂತಹ ತೇವದ ಸೀಮೆಯಲ್ಲಿ ಹಗಲಿಗೂ ಇರುಳಿಗೂ ಶಾಖದ ಅಂತರವು ಕಡಮೆ. ಅಲ್ಲಿ ದಪ್ಪ ಗೋಡೆಗಿಂತ ಗಾಳಿಯೇ ಹೆಚ್ಚು ಉಪಕಾರಿ. ಅದರಿಂದ ಒಂದು ಸೀಮೆಯ ಮನೆಯನ್ನು ಇನ್ನೊಂದು ಸೀಮೆಯವರು ಕಣ್ಣುಮುಚ್ಚಿ ಅನುಕರಿಸಬಾರದು. ನಗರದಲ್ಲಿ ಕಂಡೆವೆಂದು ಗಾಜಿನ ಕಿಟಕಿಗಳನ್ನೂ ತೆಳುವಾದ ತಾರಸಿಯನ್ನೂ ಮಾಡಿಸಿಕೊಂಡು, ಏಪ್ರಿಲ್ ಬಂದೊಡನೆ ಮನೆಯೊಳಗೆ ನಿಲ್ಲಲಾಗದೆ ಪರದಾಡುವವರು ಇದನ್ನು ಯೋಚಿಸಬೇಕು.

ಮೈಸೂರು ಸಂಸ್ಥಾನದ ಸೇವೆಯ ಒಂಬತ್ತು ವರ್ಷಗಳಲ್ಲಿ ಕೋನಿಗ್ಸ್‌ಬರ್ಗರ್ ಅವರು ರೂಪಿಸಿದ ಕಟ್ಟಡಗಳಲ್ಲಿ ಇಂತಹ ವಿವೇಕವು ಕಾಣುತ್ತದೆ. ವಿಜ್ಞಾನ ಮಂದಿರದ ವಿಮಾನಶಾಸ್ತ್ರ ಮತ್ತು ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳು, ಅಲ್ಲಿಯ ಭೋಜನಶಾಲೆ ಮತ್ತು ಸಭಾಂಗಣ, ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಇವು ಅವುಗಳಲ್ಲಿ ಕೆಲವು. ಸೋದರಮಾವನನ್ನು ನಿಲ್ಲಗೊಡದ ವಿಜ್ಞಾನ ಮಂದಿರದ ಆವರಣದಲ್ಲಿಯೇ ಸೋದರಳಿಯನು ವಿದ್ಯಾರ್ಥಿಗಳಿಗೆ ನೆರಳನ್ನೊದಗಿಸಿದನೆಂಬುದು ನೆನೆಯತಕ್ಕ ವಿಷಯ.

ನಿರಾಶ್ರಿತರಿಗೆ ನಿರಾಶ್ರಿತನ ನೆರವು

೧೯೪೭ರಲ್ಲಿ ದೇಶವು ಸ್ವತಂತ್ರವಾಯಿತು. ಅದರೊಡನೆಯೇ ಎರಡಾಗಿ ಒಡೆಯಿತು. ಒಂದು ಕೋಟಿಗೂ ಮಿಕ್ಕಿದ ಜನ ಮನೆಮಠಗಳನ್ನು ಬಿಟ್ಟು ಗಡಿಯನ್ನು ದಾಟಿದರು. ಅವರಿಗೆ ತಲೆಯ ಮೇಲೊಂದು ಸೂರು ಬೇಕಾಗಿತ್ತು. ೧೯೪೮ರಲ್ಲಿ ಭಾರತ ಸರಕಾರವು ಕೋನಿಗ್ಸ್‌ಬರ್ಗರ್ ಅವರನ್ನು ವಸತಿ ಇಲಾಖೆಯ ನಿರ್ದೇಶಕರನ್ನಾಗಿ ನೇಮಿಸಿಕೊಂಡಿತು. ನಾಡನ್ನು ಕಳೆದುಕೊಂಡವನಿಗೆ ನಾಡನ್ನು ಕಳೆದುಕೊಂಡವರ ಮನೆಗಳ ಭಾರವು ಒಪ್ಪಿಸಲ್ಪಟ್ಟಿತು. ದೆಹಲಿಯ ಬಳಿಯ ಫರೀದಾಬಾದ್, ಕಚ್ಛದ ಗಾಂಧಿಧಾಮ, ನೀಲೋಖೇರಿ, ರಾಜಪುರ ಮೊದಲಾದ ಹೊಸ ಊರುಗಳ ಕಾರ್ಯದಲ್ಲಿ ಅವರ ಕೈಯಿತ್ತು.

ಒರಿಸ್ಸದ ಹೊಸ ರಾಜಧಾನಿಯಾದ ಭುವನೇಶ್ವರಕ್ಕೆ ೧೯೪೮ನೆಯ ಏಪ್ರಿಲ್ ೧೩ರಂದು ನೆಹರೂ ಅವರು ಅಸ್ತಿಭಾರ ಹಾಕಿದರು. ಅದರ ನಕ್ಷೆಯನ್ನು ಸಿದ್ಧಪಡಿಸಿದವರು ಇವರೇ. ಆ ನಕ್ಷೆಯಲ್ಲಿ ನಗರವನ್ನು ಹಲವು ನೆರೆಹೊರೆಗಳಾಗಿ ವಿಂಗಡಿಸಲಾಗಿತ್ತು. ಒಂದೊಂದು ನೆರೆಹೊರೆಯಲ್ಲಿಯೂ ಶಾಲೆ, ಸಂತೆಕಟ್ಟೆ, ಔಷಧಾಲಯ, ಆಟದ ಬಯಲು ಇರಬೇಕು. ಮಗುವು ವಾಹನಗಳು ಓಡಾಡುವ ಹೆದ್ದಾರಿಯನ್ನು ದಾಟದೆ ಶಾಲೆಗೆ ನಡೆದು ಹೋಗಬೇಕು. ಇದು ಅವರ ಸಂಕಲ್ಪ. ಇದಕ್ಕೂ ಮೊದಲು, ೧೯೪೪-೪೫ರಲ್ಲಿ, ಜಮ್ಷೆಡ್‌ಪುರದ ಬೆಳವಣಿಗೆಗೆಂದು ಅವರು ಯೋಜನೆಯನ್ನು ರಚಿಸಿದ್ದರು.

ಅವರ ಪ್ರಯತ್ನಗಳೆಲ್ಲವೂ ಸಫಲವಾದುವೆಂದು ಹೇಳಿದರೆ ಅದು ಸತ್ಯವಾಗದು. ಮನೆಯ ಗೋಡೆಗಳನ್ನು ಕಾರ್ಖಾನೆಯಲ್ಲಿಯೇ ಎರಕಹೊಯ್ದು, ಸಾಗಿಸಿ, ಜೋಡಿಸುವ ಒಂದು ಯೋಜನೆಯನ್ನು ದೆಹಲಿಯಲ್ಲಿ ಕೈಗೊಂಡರು. ಗೋಡೆಗಳಲ್ಲಿ ಬಿರುಕುಗಳು ಕಾಣಿಸಿಕೊಂಡವು. ಯೋಜನೆಯು ಟೀಕೆಗೆ ಗುರಿಯಾಗಿ ನಿಂತುಹೋಯಿತು. ೧೯೫೧ರಲ್ಲಿ ಅವರು ಭಾರತವನ್ನು ಬಿಟ್ಟು ಲಂಡನ್ನಿಗೆ ತೆರಳಿದರು.

ತಪ್ಪಿದುದನ್ನು ಅವರು ಪಾಠವಾಗಿ ಮಾಡಿಕೊಂಡರೆಂದು ಮುಂದಿನ ಕೆಲಸಗಳಿಂದ ತಿಳಿಯುತ್ತದೆ. ೧೯೫೦ರ ದಶಕದ ನಡುವೆ ಸಂಯುಕ್ತ ರಾಷ್ಟ್ರಸಂಸ್ಥೆಯ ಪರವಾಗಿ ಇಬ್ಬರು ತಜ್ಞರೊಡನೆ ಅವರು ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಎಂದರೆ ಮುಂದೆ ಘಾನಾ ಎಂದು ಹೆಸರಾದ ನಾಡಿಗೆ, ಹೋದರು. ಅಲ್ಲಿಯ ಹಳ್ಳಿಗರು ಸ್ವಂತ ದುಡಿಮೆಯಿಂದ ಮಣ್ಣಿನ ಗೋಡೆಗಳನ್ನು ಎಬ್ಬಿಸಿಕೊಳ್ಳುತ್ತಿದ್ದರು. ಹೊದಿಕೆಗೆ ಮಾತ್ರ ಹಣ ಸಾಲದು. “ಗೋಡೆಯನ್ನು ಅವರೇ ಕಟ್ಟಲಿ, ಹೊದಿಕೆಗೆ ಬೇಕಾದ ಸಾಲವನ್ನು ಕೊಡೋಣ” ಎಂಬುದು ಅವರು ಸೂಚಿಸಿದ ಉಪಾಯದ ಸಾರ. ಕಾರ್ಖಾನೆಯಿಂದ ಸಿದ್ಧ ಮನೆಯನ್ನು ಹಂಚುವುದಕ್ಕಿಂತ, ಜನರ ಕೈಯಲ್ಲಿರುವ ಶಕ್ತಿಯನ್ನು ಗೌರವಿಸಿ ಕೊರತೆಯಿರುವಲ್ಲಿ ನೆರವಾಗುವುದು ಲೇಸು. ಈ ಮಾತಿನ ಬೆಲೆಯನ್ನು ನಮ್ಮ ಹಳ್ಳಿಗಳ ತಂದೆತಾಯಿಗಳು ಬಲ್ಲರು.

ಲಂಡನ್ನಿನ ವಾಸ್ತುಶಿಲ್ಪ ವಿದ್ಯಾಲಯವೊಂದರಲ್ಲಿ ಉಷ್ಣವಲಯದ ಶಿಲ್ಪಕ್ಕೆಂದೇ ಒಂದು ವಿಭಾಗವು ೧೯೫೪ರಲ್ಲಿ ಆರಂಭವಾಗಿದ್ದಿತು. ೧೯೫೭ರಿಂದ ಅದರ ಮುಖ್ಯಸ್ಥರಾಗಿ ಏಷ್ಯ, ಆಫ್ರಿಕ ಖಂಡಗಳ ಶಿಷ್ಯರಿಗೆ ಅವರು ಪಾಠ ಹೇಳಿದರು. ೧೯೭೧ರಲ್ಲಿ ಆ ವಿಭಾಗವು ಲಂಡನ್ ವಿಶ್ವವಿದ್ಯಾನಿಲಯದ ಯೂನಿವರ್ಸಿಟಿ ಕಾಲೇಜಿಗೆ ಸೇರಿತು. ಉಷ್ಣವಲಯದ ಮನೆಗಳನ್ನು ಕುರಿತು ೧೯೭೦ರ ದಶಕದಲ್ಲಿ ಅವರು ಮೂವರು ಸಹೋದ್ಯೋಗಿಗಳೊಡನೆ ಬರೆದ ಕೈಪಿಡಿಯು ಅನೇಕ ದೇಶಗಳ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. ೧೯೯೯ನೆಯ ಜನವರಿ ೩ರಂದು, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಲಂಡನ್ನಿನಲ್ಲಿ ತೀರಿಕೊಂಡರು.

ನಮಗೆ ಇದರಿಂದ ತಿಳಿಯುವುದೇನು?

ಒಂದು ಕಾಗದವು ಆ ತರುಣನನ್ನು ಬರ್ಲಿನ್ನಿನಿಂದ ಹೊರದೂಡಿತು. ಇನ್ನೊಂದು ಕಾಗದವು, ಮೈಸೂರು ಸಂಸ್ಥಾನದ ನೇಮಕಪತ್ರವು, ಅವನಿಗೆ ಬಾಳು ಕೊಟ್ಟಿತು. ಕಾನೂನೆಂಬುದು ಮನುಷ್ಯನನ್ನು ಮುರಿಯಲೂ ಬಲ್ಲದು, ಕಾಯಲೂ ಬಲ್ಲದು. ಇದು ನಮಗೆ ದೂರದ ಮಾತಲ್ಲ. ೧೯೫೩ನೆಯ ಅಕ್ಟೋಬರ್ ಒಂದರಂದು ಆಂಧ್ರ ರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗವು ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರೆಯು ಮೊದಲಿನಿಂದಲೂ ಅನಂತಪುರದಲ್ಲಿದ್ದು, ೨೦೨೨ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆಗಳು ಸರಿದಾಡಿದವು, ಆದರೆ ಕನ್ನಡ ಆಡುವವನೆಂಬ ಕಾರಣಕ್ಕೆ ಯಾರ ಮನೆಯೂ ಹೋಗಲಿಲ್ಲ, ಯಾವ ಮಗುವನ್ನೂ ಶಾಲೆಯ ಮಣೆಯಿಂದ ಎಬ್ಬಿಸಲಿಲ್ಲ. ಅಲ್ಪಸ್ವಲ್ಪ ಕೊರತೆಗಳಿರಬಹುದು. ಆದರೂ ಭಾರತದ ಸಂವಿಧಾನದ ೩೦ನೆಯ ಅನುಚ್ಛೇದವು ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ೧೯೫೬ರಲ್ಲಿ ಸೇರಿಸಿದ ೩೫೦-ಎ ಅನುಚ್ಛೇದವು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ವಿಧಿಸಿದೆ. ತೆಲುಗರ ನಡುವೆ ನಮ್ಮ ಕನ್ನಡ ಶಾಲೆಯ ಗಂಟೆಯು ಬಾರಿಸುತ್ತಿರುವುದು ಈ ಕಾಗದದ ಬಲದಿಂದಲೂ ತೆಲುಗು ನೆರೆಯವರ ಸೌಜನ್ಯದಿಂದಲೂ. ಅಂತಹ ಕಾಗದದ ಬೆಲೆಯನ್ನು ಅರಿಯಬೇಕಾದರೆ ಅದಿಲ್ಲದ ನಾಡಿನಲ್ಲಿ ಏನು ನಡೆಯಿತೆಂಬುದನ್ನು ಓದಬೇಕು.

ನಾವು ಕಡಮೆ ಸಂಖ್ಯೆಯವರು ಎಂದು ಕೊರಗುವ ನಾವೇ ನಮಗಿಂತ ಕಡಮೆಯವರನ್ನು ಹೇಗೆ ನಡೆಸಿಕೊಳ್ಳುತ್ತಿದ್ದೇವೆ? ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಸೀಮೆಯ ಎಷ್ಟೋ ಕುಟುಂಬಗಳು ಕೂಲಿಗಾಗಿ ಬೆಂಗಳೂರಿಗೆ ಹೋಗುತ್ತವೆ. ಅಲ್ಲಿ ಅವರು ಇತರರ ಮನೆಗಳಿಗೆ ಇಟ್ಟಿಗೆ ಹೊತ್ತು, ತಾವು ತಗಡಿನ ಗುಡಿಸಲಿನಲ್ಲಿ ಮಲಗುತ್ತಾರೆ. ವರ್ಷದ ನಡುವೆ ಅವರ ಮಕ್ಕಳು ಮರಳಿ ತರಗತಿಗೆ ಬಂದು ಹಿಂದಿನ ಸಾಲಿನಲ್ಲಿ ಮುದುಡಿ ಕುಳಿತಾಗ ಪಕ್ಕದ ಹುಡುಗನು ಸರಿದು ಜಾಗ ಕೊಡುತ್ತಾನೆಯೆ, ಇಲ್ಲವೆ? ಉಪಾಧ್ಯಾಯನಾಗಿ ನಾನು ಮೊದಲು ನೋಡುವುದು ಇದನ್ನು. “ನಮ್ಮವನು, ನಮ್ಮವನಲ್ಲ” ಎಂಬ ಪಟ್ಟಿಯು ಮೊದಲು ಬರೆಯಲ್ಪಡುವುದೂ ಅಳಿಸಲ್ಪಡುವುದೂ ಅಲ್ಲಿಯೇ.

ವಿದ್ಯೆಯ ವಿಷಯದಲ್ಲಿ ಒಂದು ಮಾತು. ಕೋನಿಗ್ಸ್‌ಬರ್ಗರ್ ಅವರಿಂದ ಮನೆ, ಕೆಲಸ, ಪೌರತ್ವ ಎಲ್ಲವನ್ನೂ ಕಿತ್ತುಕೊಂಡರು. ಅಳೆಯಬಲ್ಲ ಕಣ್ಣನ್ನೂ ಗೆರೆಯೆಳೆಯಬಲ್ಲ ಕೈಯನ್ನೂ ಕಿತ್ತುಕೊಳ್ಳಲಾಗಲಿಲ್ಲ. ಗಡಿಯನ್ನು ದಾಟುವಾಗ ಅವರೊಡನೆ ಬಂದ ಆಸ್ತಿ ಅದೊಂದೇ. ಅದನ್ನು ಅವರು ಮನೆಯಿಲ್ಲದವರಿಗಾಗಿ ವ್ಯಯಮಾಡಿದರು. ತಂದೆತಾಯಿಗಳು ಮಕ್ಕಳಿಗೆ ಇಂತಹ ಆಸ್ತಿಯನ್ನು ಮಾಡಿಕೊಡಲಿ. ಮಕ್ಕಳು ಅದನ್ನು ಹೀಗೆಯೇ ವ್ಯಯಮಾಡಲಿ.

ವಿದ್ಯಾರ್ಥಿಗಳಿಗೆ ಅಭ್ಯಾಸ

೧. ಏಪ್ರಿಲ್ ತಿಂಗಳ ಕೊನೆಯ ದಿನಗಳಲ್ಲಿ ಮತ್ತು ಆಗಸ್ಟ್ ತಿಂಗಳ ನಡುವೆ ನಮ್ಮ ಊರುಗಳಲ್ಲಿ ನಡುಹಗಲಿನ ನೆರಳು ಕಾಲಡಿಯಲ್ಲಿ ಅಡಗುತ್ತದೆ. ಅಂಗಳದಲ್ಲಿ ಒಂದು ಕೋಲನ್ನು ನೇರವಾಗಿ ನೆಟ್ಟು, ಆ ದಿನ ಯಾವುದೆಂದು ಕಂಡುಹಿಡಿದು ಬರೆದಿಡಿರಿ. ಡಿಸೆಂಬರಿನಲ್ಲಿ ಅದೇ ಕೋಲಿನ ನೆರಳನ್ನು ಅಳೆದು ಹೋಲಿಸಿರಿ.

೨. ನಿಮ್ಮ ಮನೆಯ ನಕ್ಷೆಯನ್ನು ದಿಕ್ಕುಗಳೊಡನೆ ಬರೆಯಿರಿ. ಯಾವ ಗೋಡೆಯು ಹೆಚ್ಚು ಕಾಯುತ್ತದೆ? ಗಾಳಿಯು ಎಲ್ಲಿಂದ ಬಂದು ಎಲ್ಲಿ ಹೊರಡುತ್ತದೆ? ಒಂದು ಗಿಡವನ್ನು ನೆಡುವುದಾದರೆ ಎಲ್ಲಿ ನೆಡುವಿರಿ?

೩. ನಿಮ್ಮ ಅಜ್ಜ ಅಜ್ಜಿಯರು ಹುಟ್ಟಿದ ಊರಾವುದು, ಅಲ್ಲಿಂದ ಏಕೆ ಬಂದರು, ಬಂದಾಗ ಅವರಿಗೆ ಮೊದಲು ಜಾಗ ಕೊಟ್ಟವರಾರು ಎಂಬುದನ್ನು ಕೇಳಿ ತಿಳಿದು ಒಂದು ಪುಟ ಬರೆಯಿರಿ.